ಅಳತೆ ತಪ್ಪಿ ಬಂದ ಪರದೆಗಳನ್ನು ಹಿಂದಿರುಗಿಸುವ ಬಗ್ಗೆ

ನಮಸ್ಕಾರ. 84 ಇಂಚು ಉದ್ದದ ಬಾಗಿಲ ಪರದೆಗಳನ್ನು ಆನ್‌ಲೈನ್‌ನಲ್ಲಿ ತರಿಸಿದರೆ 78 ಇಂಚಿನವು ಬಂದಿವೆ, ‘ಅಳತೆಗೆ ಹೊಲಿದದ್ದನ್ನು ವಾಪಸ್ ಪಡೆಯುವುದಿಲ್ಲ’ ಎಂದು ಸೂರತ್‌ನ ಮಾರಾಟಗಾರರು ಹೇಳುತ್ತಿದ್ದಾರೆ, ಏನು ಮಾಡಬಹುದು ಎಂದು ಕೇಳಿದ್ದೀರಿ. ನೀವೇ ತಪ್ಪು ಅಳತೆ ಕೊಟ್ಟಿದ್ದರೆ ಪ್ರಶ್ನೆ ಬೇರೆಯಾಗುತ್ತಿತ್ತು. ಆದರೆ ಒಪ್ಪಿಕೊಂಡ ಲಕ್ಷಣಗಳಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ.

ಸದ್ಯಕ್ಕೆ ಪರದೆಗಳನ್ನು ಒಗೆಯಬೇಡಿ. ಒಮ್ಮೆ ನೀರಿಗೆ ಹಾಕಿದರೆ ‘ಬಟ್ಟೆ ಕುಗ್ಗಿದೆ’ ಎಂಬ ಸಬೂಬು ಅವರಿಗೆ ಸಿಕ್ಕಿಬಿಡುತ್ತದೆ, ಹತ್ತಿಯದಾದರೆ ಅದನ್ನು ಅಲ್ಲಗಳೆಯುವುದೂ ಕಷ್ಟ. ನೆಲದ ಮೇಲೆ ಹರಡಿ, ಮೇಲಿನ ಅಂಚಿನಿಂದ ಕೆಳಗಿನ ಮಡಿಕೆಯವರೆಗೆ ಟೇಪು ಹಿಡಿದು ಫೋಟೊ ತೆಗೆದು, ಆರ್ಡರಿನಲ್ಲಿ 84 ಇಂಚು ಎಂದಿರುವ ಪುಟದ ಚಿತ್ರ ಹಾಗೂ ಬಿಲ್ಲಿನೊಂದಿಗೆ ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಇಮೇಲ್ ಕಳುಹಿಸಿ. ದೂರು ತಲುಪಿದ್ದನ್ನು ಅವರು 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಫೋನಿನಲ್ಲಿ ಸಿಕ್ಕ ಭರವಸೆಯನ್ನು ನಾನಂತೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅದರಿಂದ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಜಗ್ಗದಿದ್ದರೆ, ಮಾರಾಟಗಾರರು ಗುಜರಾತಿನಲ್ಲಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ಎರಡು ವರ್ಷಗಳೊಳಗೆ, ವಕೀಲರಿಲ್ಲದೆಯೂ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಈ ನಡುವೆ ಅವರು ‘ಅರ್ಧ ಹಣ ಕೊಡುತ್ತೇವೆ, ಪರದೆ ಇಟ್ಟುಕೊಳ್ಳಿ’ ಎಂದರೆ, ಆರು ಇಂಚು ಗಿಡ್ಡವಾದ ಪರದೆ ನಿಮ್ಮ ಬಾಗಿಲಿಗೆ ಉಪಯೋಗಕ್ಕೆ ಬರುತ್ತದೆಯೇ ಎಂದು ನೋಡಿಕೊಂಡೇ ಒಪ್ಪಿಗೆ ಕೊಡಿ.