ವಿಂಡೋಸ್ 11ರಿಂದ 10ಕ್ಕೆ ವಾಪಸ್: ಜಿಪಿಟಿ ಎರರ್ ಬಂದರೆ ಡಿಸ್ಕ್ ಅಳಿಸಬೇಡಿ

ಸರ್, ವಿಡಿಯೋ ನೋಡಿಕೊಂಡು ಡಿಸ್ಕ್ ಪೂರ್ತಿ ಅಳಿಸುವ 'ಕ್ಲೀನ್' ಕಮಾಂಡ್ ಕೊಡೋಣ ಅಂತಿದ್ದೀರಲ್ಲ, ದಯವಿಟ್ಟು ಕೊಡಬೇಡಿ. ನಿಮ್ಮ ಎರರ್‌ಗೆ ಅದು ಬೇಕಾಗಿಯೇ ಇಲ್ಲ. ಉತ್ತರ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಆಮೇಲೆ ಕೈ ಹಾಕಿ.

ಈಗ ಓದಲು ಬಂದವರಿಗೆ ವಿಷಯ ಚುಟುಕಾಗಿ: ಇವರದ್ದು 4ನೇ ಜೆನರೇಷನ್ ಐ5 ಇರುವ ಹಳೆಯ ಡೆಸ್ಕ್‌ಟಾಪ್. 8 ಜಿಬಿ ರ‍್ಯಾಮ್, ಮಾಮೂಲಿ ಹಾರ್ಡ್‌ಡಿಸ್ಕ್. ವಿಂಡೋಸ್ 10 ಇತ್ತು. ಹಾರ್ಡ್‌ವೇರ್ ಚೆಕ್ ತಪ್ಪಿಸಿ 11 ಹಾಕಿದರು. ಈಗ ಬಹಳ ಸ್ಲೋ, ಆಗಾಗ ಸ್ಕ್ರೀನ್ ಕಪ್ಪಾಗುತ್ತದೆ. ವಾಪಸ್ ಹೋಗೋಣ ಅಂದರೆ 'ಗೋ ಬ್ಯಾಕ್' ಬಟನ್ ಮಂಕಾಗಿದೆ, ಒತ್ತಲು ಬರುವುದಿಲ್ಲ. 10ರ ಪೆನ್‌ಡ್ರೈವ್ ಮಾಡಿ ಅದರಿಂದ ಕಂಪ್ಯೂಟರ್ ಶುರು (ಬೂಟ್) ಮಾಡಿದರೆ, ಇದು ಜಿಪಿಟಿ (ಡಿಸ್ಕ್‌ನ ಭಾಗಗಳ, ಅಂದರೆ ಪಾರ್ಟಿಷನ್‌ಗಳ ಪಟ್ಟಿ ಬರೆದಿಡುವ ಹೊಸ ರೀತಿ) ಡಿಸ್ಕ್, ಇಲ್ಲಿ ವಿಂಡೋಸ್ ಹಾಕಲು ಆಗುವುದಿಲ್ಲ ಅನ್ನುತ್ತಿದೆ. ಡಿ ಡ್ರೈವ್‌ನಲ್ಲಿ ಮನೆಯ ಫೋಟೋಗಳೆಲ್ಲ ಇವೆ. ಇಷ್ಟೆಲ್ಲ ತಲೆನೋವು ಯಾಕೆ, ಸುಮ್ನೆ ವಿಂಡೋಸ್ 7 ಹಾಕಿಬಿಡಲಾ ಅಂತಲೂ ಕೇಳಿದ್ದಾರೆ.

ಗೋ ಬ್ಯಾಕ್ ವಿಷಯ ಮೊದಲು ಮುಗಿಸಿಬಿಡೋಣ. ಅಪ್‌ಗ್ರೇಡ್ ಆದ ಮೇಲೆ ಆ ಬಟನ್ ಕೆಲಸ ಮಾಡುವುದು 10 ದಿನ ಮಾತ್ರ. ಅಷ್ಟು ದಿನ ಹಳೆಯ ವಿಂಡೋಸ್ ಸಿ ಡ್ರೈವ್‌ನ 'ವಿಂಡೋಸ್ ಡಾಟ್ ಓಲ್ಡ್' ಫೋಲ್ಡರ್‌ನಲ್ಲಿ ಕೂತಿರುತ್ತದೆ, ಆಮೇಲೆ ಜಾಗ ಉಳಿಸಲು ವಿಂಡೋಸೇ ಅದನ್ನು ತೆಗೆದುಹಾಕುತ್ತದೆ. ನಿಮಗೆ ತಿಂಗಳು ದಾಟಿದೆ, ಆ ದಾರಿ ಮುಗಿಯಿತು. 11ರ ಒಳಗಿನಿಂದ 10ರ ಸೆಟಪ್ ಓಡಿಸಿದರೂ ಲಾಭ ಇಲ್ಲ. ಆ್ಯಪ್, ಸೆಟ್ಟಿಂಗ್ಸ್ ಉಳಿಸಿಕೊಳ್ಳುವ ಆಯ್ಕೆ ಅಲ್ಲಿ ಸಿಗುವುದಿಲ್ಲ. ಪೆನ್‌ಡ್ರೈವ್‌ನಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿ, ಆ್ಯಪ್‌ಗಳನ್ನೆಲ್ಲ ಮತ್ತೆ ಹಾಕಿಕೊಳ್ಳಬೇಕು. ಬೇರೆ ಉಪಾಯ ಇಲ್ಲ.

ಈಗ ಆ ಜಿಪಿಟಿ ಎರರ್. ಅದು ಡಿಸ್ಕ್‌ನ ದೋಷದಿಂದ ಬಂದದ್ದಲ್ಲ. ನಿಮ್ಮ ಕಂಪ್ಯೂಟರ್ ಕಾಲದ ಮದರ್‌ಬೋರ್ಡ್‌ಗಳು ಎರಡು ರೀತಿಯಲ್ಲಿ ಬೂಟ್ ಆಗುತ್ತವೆ: ಹಳೆಯ ಲೆಗಸಿ ರೀತಿ, ಇಲ್ಲವೇ ಹೊಸ ಯುಇಎಫ್ಐ ರೀತಿ. ಸೆಟಪ್ ಲೆಗಸಿಯಲ್ಲಿ ಎದ್ದರೆ ಎಂಬಿಆರ್ (ಪಾರ್ಟಿಷನ್ ಪಟ್ಟಿಯ ಹಳೆಯ ರೀತಿ) ಡಿಸ್ಕ್ ಕೇಳುತ್ತದೆ, ಯುಇಎಫ್ಐನಲ್ಲಿ ಎದ್ದರೆ ಜಿಪಿಟಿ ಕೇಳುತ್ತದೆ. ನಿಮ್ಮ ಡಿಸ್ಕ್ ಜಿಪಿಟಿ, ಪೆನ್‌ಡ್ರೈವ್ ಮಾತ್ರ ಲೆಗಸಿಯಲ್ಲಿ ಎದ್ದಿದೆ. ಜಗಳ ಇಷ್ಟೇ.

ಮತ್ತೆ ಆನ್ ಮಾಡಿ ಬೂಟ್ ಮೆನು ತೆರೆಯಿರಿ. ಬೋರ್ಡ್ ಕಂಪನಿ ನೋಡಿಕೊಂಡು ಎಫ್8, ಎಫ್11 ಅಥವಾ ಎಫ್12 ಇರುತ್ತದೆ. ಪಟ್ಟಿಯನ್ನು ಸರಿಯಾಗಿ ನೋಡಿ. ಒಂದೇ ಪೆನ್‌ಡ್ರೈವ್ ಎರಡು ಸಾಲಿನಲ್ಲಿ ಕಾಣುತ್ತದೆ. ಒಂದು ಸಾಲಿನಲ್ಲಿ ಬರೀ ಪೆನ್‌ಡ್ರೈವ್ ಕಂಪನಿಯ ಹೆಸರು, ಇನ್ನೊಂದರಲ್ಲಿ ಅದೇ ಹೆಸರಿನ ಮುಂದೆ ಯುಇಎಫ್ಐ ಅಂತ. ಎಲ್ಲರೂ ಮೊದಲು ಕಂಡದ್ದನ್ನು ಒತ್ತಿಬಿಡುತ್ತಾರೆ, ಅಲ್ಲೇ ಎಡವಟ್ಟು ಆಗುವುದು. ಯುಇಎಫ್ಐ ಇರುವ ಸಾಲನ್ನು ಆರಿಸಿ. ಸೆಟಪ್ ನೋಡಲು ಮೊದಲಿನ ಹಾಗೇ ಇರುತ್ತದೆ, ಆದರೆ ಡಿಸ್ಕ್ ಪುಟದಲ್ಲಿ ಆ ಎರರ್ ಬರುವುದಿಲ್ಲ.

ಯುಇಎಫ್ಐ ಸಾಲು ಕಾಣಿಸಲೇ ಇಲ್ಲ ಅಂದರೆ ಎರಡು ಕಾರಣ ಇರಬಹುದು. ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಸ್ವಂತ ಸೆಟ್ಟಿಂಗ್ಸ್ ಪುಟದಲ್ಲಿ) ಬೂಟ್ ಮೋಡ್ 'ಲೆಗಸಿ ಓನ್ಲಿ' ಅಂತ ಇರಬಹುದು, ಅದನ್ನು ಯುಇಎಫ್ಐಗೆ ಬದಲಿಸಿ. ಇಲ್ಲವೇ ರೂಫಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಪೆನ್‌ಡ್ರೈವ್ ಮಾಡುವಾಗ ಎಂಬಿಆರ್, ಬಯಾಸ್ ಅಂತ ಆರಿಸಿರಬಹುದು. ಹಾಗಿದ್ದರೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಲ್ಲಿ ಹೊಸದಾಗಿ ಮಾಡಿಕೊಳ್ಳಿ. 8 ಜಿಬಿ ಪೆನ್‌ಡ್ರೈವ್ ಸಾಕು, ಅದು ಎರಡೂ ರೀತಿಯಲ್ಲಿ ಬೂಟ್ ಆಗುತ್ತದೆ. ಈಗಿನ ವಿಂಡೋಸ್ ಯಾವ ರೀತಿಯಲ್ಲಿದೆ ಅಂತ ಗೊತ್ತಾಗಬೇಕಾದರೆ, ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ಹುಡುಕಿ ತೆರೆಯಿರಿ. 'ಬಯಾಸ್ ಮೋಡ್' ಅನ್ನುವ ಸಾಲಿನಲ್ಲಿ ಬರೆದಿರುತ್ತದೆ.

ಆ ವಿಡಿಯೋದವರು ಏನು ಮಾಡಿಸುತ್ತಾರೆ ಗೊತ್ತಾ? ಶಿಫ್ಟ್ ಹಿಡಿದು ಎಫ್10 ಒತ್ತಿಸಿ, ಡಿಸ್ಕ್‌ಪಾರ್ಟ್ ಅನ್ನುವ ಕಮಾಂಡ್ ಟೂಲ್ ತೆರೆಸಿ, ಕ್ಲೀನ್ ಕೊಡಿಸಿ, ಆಮೇಲೆ ಎಂಬಿಆರ್‌ಗೆ ಬದಲಿಸುತ್ತಾರೆ. ಎರರ್ ಹೋಗುತ್ತದೆ, ನಿಜ. ಆದರೆ ಕ್ಲೀನ್ ಅನ್ನುವುದು ಸಿ ಡ್ರೈವ್ ಒಂದಕ್ಕೇ ಆಗುವ ಕೆಲಸ ಅಲ್ಲ. ನಿಮ್ಮ ಸಿ, ಡಿ ಎರಡೂ ಒಂದೇ ಹೊಲಕ್ಕೆ ಬದು ಹಾಕಿದ ಹಾಗೆ. ಕ್ಲೀನ್ ಕೊಟ್ಟರೆ ಬದುವಿನ ಗುರುತೇ ಇರುವುದಿಲ್ಲ, ಡಿಸ್ಕ್ ಪೂರ್ತಿ ಖಾಲಿ ಅಂತ ತೋರಿಸುತ್ತದೆ. ಹೊಸ ಡಿಸ್ಕ್‌ಗೆ ಅದು ಸರಿ. ಫೋಟೋ ಇರುವ ಡಿಸ್ಕ್‌ಗೆ ಅಂಥ ಸಲಹೆ ಕೊಡುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇನ್ನು ಬ್ಯಾಕಪ್. ಡಿ ಡ್ರೈವ್ ಮುಟ್ಟುವುದಿಲ್ಲವಲ್ಲ ಅಂತ ಬಿಡಬೇಡಿ, ಫೋಟೋಗಳನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ಸಿ ಡ್ರೈವ್‌ನಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ನೋಡಿ. ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆಗಿದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ಒನ್‌ಡ್ರೈವ್ ಒಳಗೆ ಹೋಗಿರುವ ಸಾಧ್ಯತೆ ಜಾಸ್ತಿ. ಫೈಲಿನ ಪಕ್ಕ ನೀಲಿ ಮೋಡದ ಗುರುತು ಇದ್ದರೆ ಆ ಫೈಲು ನಿಮ್ಮ ಡಿಸ್ಕ್‌ನಲ್ಲಿ ಇಲ್ಲವೇ ಇಲ್ಲ, ಹೆಸರು ಮಾತ್ರ ಇದೆ. ಹಸಿರು ಟಿಕ್ ಇದ್ದರೆ ಡಿಸ್ಕ್‌ನಲ್ಲೂ ಇದೆ. ಮೋಡ ಇರುವ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಯಾವಾಗಲೂ ಈ ಕಂಪ್ಯೂಟರ್‌ನಲ್ಲಿ ಇರಲಿ ಅನ್ನುವ ಆಯ್ಕೆ ಒತ್ತಿ. ಎಲ್ಲ ಹಸಿರಾಗುವವರೆಗೆ ಕಾಯಿರಿ, ಆಮೇಲೆ ಕಾಪಿ ಮಾಡಿ. ಕಾಪಿ ಆದ ಮೇಲೆ ಒಂದೆರಡು ಫೋಟೋ, ಒಂದು ವಿಡಿಯೋ ಹೊರಗಿನ ಡಿಸ್ಕ್‌ನಿಂದಲೇ ತೆರೆದು ನೋಡಿ. ಬ್ರೌಸರ್ ಪಾಸ್‌ವರ್ಡ್‌ಗಳನ್ನೂ ಮರೆಯಬೇಡಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ) ಹಾಕಿದ್ದರೆ ಮುಂಚೆಯೇ ಆಫ್ ಮಾಡಿ, ಪೂರ್ತಿ ಡಿಕ್ರಿಪ್ಟ್ ಆಗಲು ಬಿಡಿ.

ಹಾಗೇ ಬೋರ್ಡ್ ಕಂಪನಿಯ ಸೈಟ್‌ನಿಂದ ವಿಂಡೋಸ್ 10ರ ಲ್ಯಾನ್ (ಕೇಬಲ್ ನೆಟ್) ಡ್ರೈವರ್ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಬಹುತೇಕ ಬೇಕಾಗುವುದಿಲ್ಲ. ಆದರೆ ನೆಟ್ ಇಲ್ಲದೆ ನೆಟ್ ಡ್ರೈವರ್ ಹುಡುಕುವ ಪರಿಸ್ಥಿತಿ ಯಾರಿಗೂ ಬೇಡ. ಅದೂ ಕೈಕೊಟ್ಟರೆ ಫೋನನ್ನು ಕೇಬಲ್‌ನಲ್ಲಿ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ.

ಇನ್‌ಸ್ಟಾಲ್ ಮಾಡುವಾಗ ಗಮನ ಇರಬೇಕಾದ್ದು ಪಾರ್ಟಿಷನ್ ಪುಟದಲ್ಲಿ. ಡೆಸ್ಕ್‌ಟಾಪ್‌ನಲ್ಲಿ ಎರಡನೇ ಹಾರ್ಡ್‌ಡಿಸ್ಕ್ ಇದ್ದರೆ, ಪವರ್ ತೆಗೆದು ಅದನ್ನು ಬೋರ್ಡ್‌ಗೆ ಸೇರಿಸುವ ಸಾಟಾ ಕೇಬಲ್ ಕಳಚಿಬಿಡಿ. ಇಲ್ಲದಿದ್ದರೆ ಸೆಟಪ್ ಕೆಲವು ಸಲ ಬೂಟ್ ಫೈಲುಗಳನ್ನು ಆ ಡಿಸ್ಕ್‌ನಲ್ಲಿ ಹಾಕಿಬಿಡುತ್ತದೆ. ಮುಂದೆ ಯಾವತ್ತೋ ಆ ಡಿಸ್ಕ್ ತೆಗೆದಾಗ ವಿಂಡೋಸ್ ಏಳುವುದಿಲ್ಲ, ಯಾಕೆ ಅಂತಲೂ ಹೊಳೆಯುವುದಿಲ್ಲ. ಸೆಟಪ್‌ನಲ್ಲಿ ಕಸ್ಟಮ್ ಆರಿಸಿದ ಮೇಲೆ ನಿಮಗೆ ಸಾಲುಗಳು ಕಾಣುತ್ತವೆ: ಸುಮಾರು 100 ಎಂಬಿಯ ಸಿಸ್ಟಮ್ ಪಾರ್ಟಿಷನ್, 16 ಎಂಬಿಯ ಒಂದು ಚಿಕ್ಕದು, ನಿಮ್ಮ ಸಿ, ಕೆಲವು ನೂರು ಎಂಬಿಯ ರಿಕವರಿ, ಆಮೇಲೆ ಡಿ. ಕೆಲವು ಸಲ 16 ಎಂಬಿಯದ್ದು ಕಾಣಿಸುವುದಿಲ್ಲ, ಚಿಂತೆ ಇಲ್ಲ. ಇಲ್ಲಿ ಸಿ, ಡಿ ಅನ್ನುವ ಅಕ್ಷರ ಇರುವುದಿಲ್ಲ, ಪಾರ್ಟಿಷನ್ ನಂಬರ್ ಮತ್ತು ಸೈಜ್ ಮಾತ್ರ ಇರುತ್ತದೆ. ಅದಕ್ಕೇ ಈಗಲೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಎಷ್ಟು ಜಿಬಿ, ಡಿ ಎಷ್ಟು ಜಿಬಿ ಅಂತ ಕಾಗದದಲ್ಲಿ ಬರೆದುಕೊಳ್ಳಿ. ಎರಡರ ಸೈಜೂ ಹತ್ತಿರ ಹತ್ತಿರ ಇದ್ದರೆ ಡಿಗೆ ಒಂದು ಹೆಸರು ಕೊಡಿ, ಸೆಟಪ್‌ನಲ್ಲಿ ಆ ಹೆಸರು ಕಾಣುತ್ತದೆ. ಡಿ ಬಿಟ್ಟು ಉಳಿದವನ್ನು ಡಿಲೀಟ್ ಮಾಡಿ, ಖಾಲಿ ಜಾಗ ಆರಿಸಿ ನೆಕ್ಸ್ಟ್ ಕೊಡಿ. ಬೇಕಾದ ಚಿಕ್ಕ ಪಾರ್ಟಿಷನ್‌ಗಳನ್ನು ಸೆಟಪ್ಪೇ ಮಾಡಿಕೊಳ್ಳುತ್ತದೆ. ಅನುಮಾನ ಬಂದರೆ ಡಿಲೀಟ್ ಒತ್ತದೆ ಆ ಪುಟದ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇವೆ.

ಫೈಲು ಕಾಪಿ ಮುಗಿದು ಮೊದಲ ಸಲ ರೀಸ್ಟಾರ್ಟ್ ಆಗುವಾಗ ಪೆನ್‌ಡ್ರೈವ್ ಕಿತ್ತುಬಿಡಿ. ಇಲ್ಲದಿದ್ದರೆ ಮತ್ತೆ ಭಾಷೆ ಆರಿಸುವ ಪುಟವೇ ಬರಬಹುದು, ಇನ್‌ಸ್ಟಾಲ್ ಆಗಲಿಲ್ಲ ಅಂತ ಮೊದಲಿಂದ ಶುರು ಮಾಡುವವರು ತುಂಬಾ ಜನ.

ಆ್ಯಕ್ಟಿವೇಷನ್ ಚಿಂತೆ ಬೇಡ. ನಿಮ್ಮ 10 ಮೊದಲೇ ಆ್ಯಕ್ಟಿವೇಟ್ ಆಗಿತ್ತು, ಆ ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ. ಕೀ ಕೇಳಿದಾಗ 'ನನ್ನ ಹತ್ತಿರ ಪ್ರಾಡಕ್ಟ್ ಕೀ ಇಲ್ಲ' ಅನ್ನುವುದನ್ನು ಒತ್ತಿ, ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ, ಮುಂಚೆ ಇದ್ದ ಎಡಿಷನ್ನೇ ಆರಿಸಿ. ನೆಟ್ ಸಿಕ್ಕ ಮೇಲೆ ತಾನೇ ಆ್ಯಕ್ಟಿವೇಟ್ ಆಗುತ್ತದೆ.

ಹಳೆಯ ಡೆಸ್ಕ್‌ಟಾಪ್ ಆದ್ದರಿಂದ ಇನ್ನೊಂದು ಕೇಳಲೇಬೇಕು. ಸ್ವಿಚ್ ಬೋರ್ಡ್‌ನಲ್ಲಿ ಪವರ್ ಆಫ್ ಮಾಡಿ ಮರುದಿನ ಆನ್ ಮಾಡಿದರೆ ಗಡಿಯಾರ ಹಳೆಯ ಯಾವುದೋ ವರ್ಷ ತೋರಿಸುತ್ತದೆಯಾ? ಹಾಗಿದ್ದರೆ ಬೋರ್ಡ್ ಮೇಲಿನ ಸೀಮಾಸ್ ಬ್ಯಾಟರಿ ಮುಗಿದಿದೆ. ನಾಣ್ಯದಂಥ ದುಂಡು ಬ್ಯಾಟರಿ, ಬಹುಪಾಲು ಸಿಆರ್2032, 3 ವೋಲ್ಟಿನದ್ದು. ಇದು ಸತ್ತರೆ ಬಯಾಸ್ ಸೆಟ್ಟಿಂಗ್ ಎಲ್ಲ ಡೀಫಾಲ್ಟ್‌ಗೆ ಹೋಗುತ್ತವೆ. ಯುಇಎಫ್ಐ ಅಂತ ನೀವು ಇಟ್ಟದ್ದು ಮತ್ತೆ ಲೆಗಸಿ ಆಗಬಹುದು. ನಿನ್ನೆ ಚೆನ್ನಾಗಿದ್ದ ವಿಂಡೋಸ್ ಇವತ್ತು 'ಸರಿಯಾದ ಬೂಟ್ ಡಿವೈಸ್ ಹಾಕಿ' ಅನ್ನುತ್ತದೆ. ತಾರೀಖು ತಪ್ಪಿದ್ದರೆ ವೆಬ್‌ಸೈಟ್‌ಗಳು ಸರ್ಟಿಫಿಕೇಟ್ ಎರರ್ ಕೊಡುತ್ತವೆ, ಅಪ್‌ಡೇಟ್ ನಿಲ್ಲುತ್ತದೆ, ಆ್ಯಕ್ಟಿವೇಷನ್ ಕೂಡ ಆಗದಿರಬಹುದು. ಜನ ಇದನ್ನೆಲ್ಲ ಹೊಸ ವಿಂಡೋಸ್ ತಲೆಗೆ ಕಟ್ಟಿ ಮತ್ತೆ ಫಾರ್ಮ್ಯಾಟ್ ಮಾಡುತ್ತಾರೆ. ಪವರ್ ಕೇಬಲ್ ಪೂರ್ತಿ ತೆಗೆದು ಬ್ಯಾಟರಿ ಬದಲಿಸಿ, ಬಯಾಸ್‌ನಲ್ಲಿ ತಾರೀಖು, ಬೂಟ್ ಮೋಡ್, ಸಾಟಾ ಮೋಡ್ ಮೂರನ್ನೂ ಸರಿಮಾಡಿ. ಈ ಕೆಲಸ ಇನ್‌ಸ್ಟಾಲ್‌ಗಿಂತ ಮುಂಚೆ ಮಾಡಿದರೆ ಒಳ್ಳೆಯದು. ಸಾಟಾ ಮೋಡ್‌ನಲ್ಲಿ ಎಎಚ್‌ಸಿಐ ಅನ್ನುವ ಆಯ್ಕೆ ಇರಲಿ. ಇನ್‌ಸ್ಟಾಲ್ ಆದ ಮೇಲೆ ಅದನ್ನು ಬದಲಿಸಿದರೆ ನೀಲಿ ಸ್ಕ್ರೀನ್ ಬರುತ್ತದೆ.

ಸ್ಲೋ ವಿಷಯದಲ್ಲಿ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. 10ಕ್ಕೆ ಹೋದರೆ ಸ್ಕ್ರೀನ್ ಕಪ್ಪಾಗುವುದು ನಿಲ್ಲಬಹುದು. 11ರ ಬೆಂಬಲದ ಪಟ್ಟಿಯಲ್ಲಿ ಇಂಟೆಲ್ ಪ್ರೊಸೆಸರ್‌ಗಳು ಬಹುತೇಕ ಶುರುವಾಗುವುದೇ 8ನೇ ಜೆನರೇಷನ್‌ನಿಂದ, ನಿಮ್ಮ ಗ್ರಾಫಿಕ್ಸ್ ಡ್ರೈವರ್ 10ರ ಕಾಲದ್ದು. ಆದರೆ ಸ್ಪೀಡ್ ಅಷ್ಟೇನೂ ಜಾಸ್ತಿ ಆಗುವುದಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಕಾಲಂ ನೋಡಿ. ಸುಮ್ಮನೆ ಕೂತಿರುವಾಗಲೂ ಅದು 100% ಮುಟ್ಟುತ್ತಿದ್ದರೆ ಅಡ್ಡಿ ಇರುವುದು ಹಾರ್ಡ್‌ಡಿಸ್ಕ್‌ನಲ್ಲಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿ ಡಿಸ್ಕ್‌ನ ಆರೋಗ್ಯವೂ ನೋಡಿ. 'ಕಾಷನ್' ಅಂತ ಹಳದಿ ಬಂದರೆ ಅದೇ ಡಿಸ್ಕ್‌ಗೆ ಮತ್ತೆ ವಿಂಡೋಸ್ ಹಾಕುವುದು ದಂಡ. ನನ್ನನ್ನು ಕೇಳಿದರೆ ಚಿಕ್ಕದೊಂದು ಸಾಟಾ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್‌ಗಿಂತ ವೇಗದ ಡಿಸ್ಕ್) ತಂದು ಅದಕ್ಕೆ 10 ಹಾಕಿ, ಹಳೆಯ ಡಿಸ್ಕ್ ಸದ್ಯಕ್ಕೆ ಕಳಚಿಡಿ. ಆಗ ಡಿಲೀಟ್ ಮಾಡುವ ತಲೆಬಿಸಿಯೂ ಇಲ್ಲ, ಏನೇ ಎಡವಟ್ಟಾದರೂ ಹಳೆಯ ವ್ಯವಸ್ಥೆ ಹಾಗೇ ಇರುತ್ತದೆ. ಎಲ್ಲ ಸರಿಯಾದ ಮೇಲೆ ಹಳೆಯದನ್ನು ಮತ್ತೆ ಸಿಕ್ಕಿಸಿ ಫೋಟೋಗಳಿಗೆ ಬಳಸಬಹುದು. ನಿಮ್ಮ ಬೋರ್ಡ್‌ಗೆ ಇಷ್ಟು ಮಾಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

10ರ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಅನ್ನುವುದು ತಲೆಯಲ್ಲಿರಲಿ. ಮನೆ ಬಳಕೆಯವರಿಗೆ ಇಎಸ್‌ಯು ಅನ್ನುವ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಯೋಜನೆ 2026ರ ಅಕ್ಟೋಬರ್ 13ರವರೆಗೆ ಅಂತ ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಅದಕ್ಕೆ 22ಎಚ್2 ಆವೃತ್ತಿ ಇರಬೇಕು, ಸೇರುವ ಲಿಂಕ್ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಬರುತ್ತದೆ. ಬರೀ ಬ್ರೌಸರ್, ಟೈಪಿಂಗ್, ವಿಡಿಯೋ ಅಷ್ಟೇ ಅಂದರೆ ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಮಿಂಟ್ ಕೂಡ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ, ಡಿಸ್ಕ್ ಮುಟ್ಟದೆ ಪರೀಕ್ಷೆ ಮಾಡಬಹುದು.

ವಿಂಡೋಸ್ 7 ಮಾತ್ರ ಬೇಡ. ಅದರ ಸಪೋರ್ಟ್ 2020ರ ಜನವರಿ 14ಕ್ಕೇ ಮುಗಿದಿದೆ, ಅದರಲ್ಲಿ ಕ್ರೋಮ್ ಬ್ರೌಸರ್ 109ನೇ ಆವೃತ್ತಿಗೆ ನಿಂತುಹೋಗಿದೆ. ಬ್ಯಾಂಕ್ ಕೆಲಸ, ಮೇಲ್ ಎಲ್ಲ ಅದರಲ್ಲಿ ಮಾಡುವುದು ಅಪಾಯ. ನೆಟ್‌ಗೇ ಹಾಕದ ಯಾವುದೋ ಹಳೆಯ ಸ್ಕ್ಯಾನರ್‌ಗೆ, ಮೆಷಿನ್‌ಗೆ ಬೇಕೇ ಬೇಕು ಅಂದರೆ ಬೇರೆ ಡಿಸ್ಕ್‌ಗೆ ಹಾಕಿಕೊಳ್ಳಿ. ಆಗ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್, ಸಿಎಸ್‌ಎಂ (ಹಳೆಯ ಲೆಗಸಿ ರೀತಿಗೆ ಬೇಕಾದ ಸೆಟ್ಟಿಂಗ್) ಆನ್ ಇರಬೇಕು. ಪೆನ್‌ಡ್ರೈವ್, ಕೀಬೋರ್ಡ್, ಮೌಸ್ ಎಲ್ಲವನ್ನೂ ಕಪ್ಪು ಯುಎಸ್‌ಬಿ ಪೋರ್ಟ್‌ಗೆ ಹಾಕಿ, ನೀಲಿಯದಕ್ಕೆ ಬೇಡ. 7ರ ಸೆಟಪ್‌ನಲ್ಲಿ ಯುಎಸ್‌ಬಿ 3ರ ಡ್ರೈವರ್ ಇಲ್ಲ, ನೀಲಿ ಪೋರ್ಟ್‌ನಲ್ಲಿ ಪೆನ್‌ಡ್ರೈವ್ ಇದ್ದರೆ 'ಸಿಡಿ, ಡಿವಿಡಿ ಡ್ರೈವರ್ ಇಲ್ಲ' ಅಂತ ಸಂಬಂಧವೇ ಇಲ್ಲದ ಎರರ್ ಕೊಟ್ಟು ನಿಲ್ಲುತ್ತದೆ. ಹಾಗೆ ಬೇಕಿದ್ದರೆ ಯಾವ ಮೆಷಿನ್‌ಗೆ ಅಂತ ಬರೆಯಿರಿ, ಅದಕ್ಕೆ 10ರಲ್ಲೇ ಓಡುವ ಡ್ರೈವರ್ ಸಿಗುತ್ತದಾ ಅಂತ ಮೊದಲು ನೋಡೋಣ.