"ಅಕ್ಕ, ನೀವೇ ಇರಿ" ಅಂದರೆ ಏನು ಮಾಡಲಿ?

ಪ್ರಶ್ನೆ: ನಮ್ಮ ಮಹಿಳಾ ಸಂಘ ಶುರುವಾಗಿ 8 ವರ್ಷ ಆಯಿತು. 15 ಜನ ಇದ್ದೇವೆ. ಮೊದಲ ದಿನದಿಂದ ನಾನೇ ಅಧ್ಯಕ್ಷೆ. ಬೇರೆಯವರು ಬನ್ನಿ ಅಂತ ಪ್ರತಿ ವರ್ಷ ಕರೆಯುತ್ತೇನೆ. "ಅಕ್ಕ, ನೀವೇ ಇರಿ, ನಮಗೇನು ಗೊತ್ತಾಗುತ್ತೆ" ಅನ್ನುತ್ತಾರೆ. ಒತ್ತಾಯ ಮಾಡಿ ಯಾರನ್ನಾದರೂ ಕೂರಿಸಲಾ?

ಉತ್ತರ: ಬೇಡ. ಒತ್ತಾಯಕ್ಕೆ ಕೂತವರು ಮೊದಲ ಜಗಳಕ್ಕೇ ಎದ್ದು ಹೋಗುತ್ತಾರೆ, ಎಲ್ಲ ತಿರುಗಿ ನಿಮ್ಮ ತಲೆಗೇ ಬರುತ್ತದೆ. ಸುಮ್ನೆ ಒಂದು ಸಲ ಯೋಚಿಸಿ. ನಡಾವಳಿ ಬರೆಯುವವರು ಯಾರು? ಬ್ಯಾಂಕಿಗೆ ಹೋಗುವವರು? ಸಾಲದ ಕಂತು ತಪ್ಪಿಸಿದವರ ಮನೆ ಬಾಗಿಲಿಗೆ ಹೋಗಿ ಕೇಳುವವರು? ಎಲ್ಲಾ ನೀವೇ ಅಲ್ವಾ? ಉಳಿದ 14 ಜನ ನೋಡಿರುವುದು ಪುಟದ ಕೊನೆಯಲ್ಲಿ ಸಹಿ ಹಾಕುವ ಜಾಗ ಮಾತ್ರ. ಧೈರ್ಯ ಎಲ್ಲಿಂದ ಬರಬೇಕು?

ಅಧ್ಯಕ್ಷೆಯಾಗಿ ಇನ್ನೊಂದು ವರ್ಷ ಇರಿ, ಆದರೆ ಕೆಲಸ ಒಂದೊಂದಾಗಿ ಬಿಟ್ಟುಕೊಡಿ. ಮುಂದಿನ ಸಭೆಯಲ್ಲಿ ನಗದು ಪುಸ್ತಕ ನೀವು ಓದಬೇಡಿ. ಓದು ಬರುತ್ತದೆ, ಆದರೆ ಜಾಸ್ತಿ ಮಾತಾಡುವುದಿಲ್ಲ ಅನ್ನುವ ಒಬ್ಬರ ಕೈಗೆ ಕೊಡಿ. ಅವರು ತಡವರಿಸುತ್ತಾರೆ, ಒಬ್ಬರ ಉಳಿತಾಯವನ್ನು ಇನ್ನೊಬ್ಬರ ಸಾಲಿನಲ್ಲಿ ಓದಿಬಿಡುತ್ತಾರೆ, ಆಗ ನಿಮ್ಮ ಕೈ ತಾನಾಗಿಯೇ ಪುಸ್ತಕದ ಕಡೆ ಹೋಗುತ್ತದೆ. ದಯವಿಟ್ಟು ತಡೆದುಕೊಳ್ಳಿ. ಪಕ್ಕದವರು "ಅಲ್ಲ, ಅದು ನನ್ನದು" ಅಂತ ಬಗ್ಗಿ ಬೆರಳಿಟ್ಟು ತೋರಿಸುತ್ತಾರೆ, ಇನ್ನೊಬ್ಬರು ನನ್ನದೆಷ್ಟಿದೆ ನೋಡು ಅನ್ನುತ್ತಾರೆ. 8 ವರ್ಷದಲ್ಲಿ ಮೊದಲ ಸಲ ಮೂರು ಜನ ಒಟ್ಟಿಗೆ ಲೆಕ್ಕ ನೋಡಿದ ಹಾಗಾಯಿತು! ಬ್ಯಾಂಕಿಗೂ ಪ್ರತಿ ಸಲ ಹೊಸಬರೊಬ್ಬರನ್ನು ಕರೆದುಕೊಂಡು ಹೋಗಿ, ಕೌಂಟರಿನಲ್ಲಿ ಅವರೇ ಮಾತಾಡಲಿ.

ಓದು ಬರದವರನ್ನು ಬಿಟ್ಟುಬಿಡಬೇಡಿ. ಇಳಾ ಭಟ್ 1972ರಲ್ಲಿ ಅಹಮದಾಬಾದಿನಲ್ಲಿ ಶುರು ಮಾಡಿದ 'ಸೇವಾ' ಸಂಘದಲ್ಲಿ ಇದ್ದವರು ತಲೆಹೊರೆ ಹೊರುವವರು, ಬೀದಿಯಲ್ಲಿ ತರಕಾರಿ ಮಾರುವವರು. ಎರಡೇ ವರ್ಷಕ್ಕೆ, 1974ರಲ್ಲಿ, 4,000 ಹೆಂಗಸರು ತಲಾ 10 ರೂಪಾಯಿ ಷೇರು ಹಣ ಹಾಕಿ ತಮ್ಮದೇ ಸಹಕಾರಿ ಬ್ಯಾಂಕ್ ತೆರೆದರು. ಸಹಿ ಬಾರದವರನ್ನು ಫೋಟೋ ನೋಡಿ ಗುರುತಿಸುವ ವ್ಯವಸ್ಥೆ ಮಾಡಿಕೊಂಡರು. ಬಾಯಲ್ಲೇ ಬಡ್ಡಿ ಲೆಕ್ಕ ಹಾಕುವವರು ನಿಮ್ಮ ಸಂಘದಲ್ಲೂ ಇದ್ದೇ ಇರುತ್ತಾರೆ, ಸಾಲ ಯಾರಿಗೆ ಎಷ್ಟು ಅನ್ನುವ ಚರ್ಚೆ ಅವರೇ ನಡೆಸಲಿ.

ವರ್ಷದ ಕೊನೆಗೆ ಮತ್ತೆ ಕೇಳಿ. ಆಗ ಎರಡೋ ಮೂರೋ ಹೆಸರು ಬರುತ್ತವೆ. ಹೊಸ ಅಧ್ಯಕ್ಷೆ ಬಂದ ಮೇಲೆ ಸಭೆಯಲ್ಲಿ ನೀವು ಅವರ ಪಕ್ಕ ಕೂರಬೇಡಿ, ಇದು ಮುಖ್ಯ. ಪಕ್ಕದಲ್ಲಿದ್ದರೆ ಎಲ್ಲರೂ ನಿಮ್ಮ ಮುಖವನ್ನೇ ನೋಡುತ್ತಾರೆ.

ಪ್ರಶ್ನೆ: ನಮ್ಮ ಸಂಘದ ಲೆಕ್ಕವನ್ನು ಒಬ್ಬ ಸದಸ್ಯೆಯ ಗಂಡ ಬರೆದುಕೊಡುತ್ತಾರೆ. ದುಡ್ಡೂ ತೆಗೆದುಕೊಳ್ಳುವುದಿಲ್ಲ. ತಪ್ಪಾ?

ಉತ್ತರ: ಅವರು ಒಳ್ಳೆಯವರೇ ಇರಬಹುದು. ಆದರೂ ಬೇಡ. ಲೆಕ್ಕ ಗೊತ್ತಿರುವವರ ಮಾತೇ ಕೊನೆಗೆ ನಡೆಯುವುದು, ಅವರು ಸಭೆಗೆ ಬರದಿದ್ದರೂ. ಅವರಿಂದ ಕಲಿಯಿರಿ, ಒಬ್ಬರಲ್ಲ, ಇಬ್ಬರು ಕಲಿಯಿರಿ. ಪುಸ್ತಕ ಅವರ ಮನೆಯಲ್ಲಿದ್ದರೆ ಈ ವಾರವೇ ತರಿಸಿಕೊಳ್ಳಿ.