ಹಾರ ಹಾಕಿದ ಮೇಲೆ ಏನಾಯಿತು?

ಪತ್ರ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ ನಮ್ಮದು. ಹೊಸಬರು ಸೇರಿದ ದಿನ ಹಾರ ಹಾಕಿ, ಪೇಡೆ ಕೊಟ್ಟು, ಫೋಟೋ ತೆಗೆಸುತ್ತೇವೆ. ಆದರೂ ತಿಂಗಳು ತುಂಬುವುದರೊಳಗೆ ಬಹಳ ಜನ ಬಿಟ್ಟು ಹೋಗುತ್ತಾರೆ. ಈಗಿನ ಹುಡುಗರಿಗೆ ನಿಯತ್ತಿಲ್ಲವೇ?
– ಒಬ್ಬ ಮಾಲೀಕರು, ಹುಬ್ಬಳ್ಳಿ

ಉತ್ತರ: ನಿಯತ್ತಿನ ಮಾತು ಇರಲಿ. ಫೋಟೋ ಮುಗಿದ ಕಾಲು ಗಂಟೆಗೆ ಆ ಹುಡುಗ ಎಲ್ಲಿ, ಯಾರ ಪಕ್ಕ ನಿಂತಿದ್ದ ಎಂಬುದನ್ನು ನೀವು ಬರೆದೇ ಇಲ್ಲ.

ಅಣ್ಣಿಗೇರಿ, ಕುಂದಗೋಳ ಕಡೆಯಿಂದ ಬೆಳಗಿನ ಬಸ್ ಹಿಡಿದು ಬರುವ ಐಟಿಐ ಹುಡುಗ ಲೇತ್ ಯಂತ್ರ ಹಿಡಿಯುವುದನ್ನು ಅಷ್ಟಿಷ್ಟು ಕಲಿತೇ ಬಂದಿರುತ್ತಾನೆ. ಬುತ್ತಿ ಎಲ್ಲಿಡಬೇಕು, ಅಳತೆ ತಪ್ಪಿದ ಜಾಬ್ (ತಯಾರಿಸುತ್ತಿದ್ದ ಬಿಡಿಭಾಗ) ಯಾರಿಗೆ ತೋರಿಸಬೇಕು, ಬಸ್ ತಡವಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಕೇಳಿದಾಗ “ಇಷ್ಟೂ ಗೊತ್ತಿಲ್ಲೇನಲೇ?” ಎಂದು ಹಳಬರು ನಕ್ಕರೆ ಮರುದಿನ ಕೇಳುವುದಿಲ್ಲ. ಕೇಳದೆ ಮಾಡಿದ ಕೆಲಸ ಕೆಡುತ್ತದೆ, ಬೈಗುಳ ಬೀಳುತ್ತದೆ. ಎರಡನೇ ಸೋಮವಾರ ಅವನು ಬಸ್ ಹತ್ತುವುದಿಲ್ಲ.

ಹಳಬರಲ್ಲಿ ಒಬ್ಬರಿಗೆ ಅವನನ್ನು ಒಪ್ಪಿಸಿ. ಕೈಚಳಕದವರಿಗಿಂತ ತಾಳ್ಮೆ ಇದ್ದವರನ್ನು ಆರಿಸಿ. ಮುಖ್ಯವಾಗಿ, ಕಲಿಸುವಷ್ಟು ದಿನ ಆ ಹಿರಿಯರ ದಿನದ ಟಾರ್ಗೆಟ್ ಇಳಿಸಿ. ಟಾರ್ಗೆಟ್ ಹಾಗೇ ಉಳಿದು, ಹೊಸಬನಿಂದ ಇನ್ಸೆಂಟಿವ್ ತಪ್ಪಿದರೆ ಅವರಿಗೆ ಅವನು ಹೊರೆಯೇ. ಆಗ ಎಂಥ ಒಳ್ಳೆಯವರೂ ಸಿಡುಕುತ್ತಾರೆ. ಈ ನಷ್ಟ ನೀವು ಹೊರಬೇಕಾದದ್ದು, ಅವರಲ್ಲ. ಊಟಕ್ಕೆ “ಬಾರೋ ತಮ್ಮಾ, ಇಲ್ಲಿ ಕುಂದ್ರು” ಎಂದು ಕರೆದು ರೊಟ್ಟಿ ಮುರಿದು ಕೊಡಿ ಎಂದು ನೀವು ಹುಕುಂ ಹೊರಡಿಸಲಾಗದು. ಎಲ್ಲರೂ ಕೂಡಿ ಕೂರುವಷ್ಟು ಜಾಗ, ಅವಸರವಿಲ್ಲದ ಅರ್ಧ ಗಂಟೆ ಕೊಡಬಹುದು.

ಕಾಗದಪತ್ರದ ಕೆಲಸವೂ ಸ್ವಾಗತವೇ. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ಕಡ್ಡಾಯ. ಮೊದಲು ಬೇರೆಡೆ ದುಡಿದಿದ್ದರೆ ಹಳೆಯ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಕೇಳಿ ಪಡೆಯಿರಿ, ಇಲ್ಲದಿದ್ದರೆ ಅವನ ಪಿಎಫ್ ಎರಡು ಖಾತೆಗಳಲ್ಲಿ ಹಂಚಿಹೋಗುತ್ತದೆ. ಪಗಾರದ ತಾರೀಖು, ಇಎಸ್‌ಐ ದವಾಖಾನೆ ಎಲ್ಲಿದೆ ಎಂಬುದನ್ನು ಮೊದಲ ದಿನವೇ ಹೇಳಿ. ಹತ್ತು ಜನರಿಗಿಂತ ಕಡಿಮೆಯಿಲ್ಲದ ಕಡೆ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ಅದರಲ್ಲಿ ಯಾರಿದ್ದಾರೆಂದು ಹೊಸದಾಗಿ ಸೇರುವ ಹೆಣ್ಣುಮಕ್ಕಳಿಗೆ ತಿಳಿದಿರಲಿ.

“ನಾವೆಲ್ಲ ಒಂದೇ ಕುಟುಂಬ” ಎಂಬ ಭಾಷಣ ಮಾತ್ರ ಬೇಡ. ಹತ್ತು ನಿಮಿಷ ತಡವಾದರೆ ಮನೆಯಲ್ಲಿ ಯಾರೂ ಅರ್ಧ ದಿನದ ಪಗಾರ ಹಿಡಿಯುವುದಿಲ್ಲ.

ಬಿಟ್ಟು ಹೋದವರಿಗೂ ಫೋನ್ ಮಾಡಿಸಿ. ನೀವೇ ಮಾಡಿದರೆ “ಮನ್ಯಾಗ ಕೆಲಸ ಇತ್ರೀ ಸಾಹೇಬ್ರ” ಎನ್ನುತ್ತಾರೆ. ಅವರ ಜೊತೆ ಊಟಕ್ಕೆ ಕೂತವರು ಯಾರಾದರೂ ಇದ್ದರೆ ಅವರಿಂದ ಕೇಳಿಸಿ. ಅಂಥವರು ಯಾರೂ ಸಿಗದಿದ್ದರೆ ಕಾರಣ ಹುಡುಕಲು ಫೋನ್ ಬೇಕಾಗಿಲ್ಲ.